ಒಂದೇ ದಿನದಲ್ಲಿ ಇಡೀ ಬೆಂಗಳೂರು ನೋಡೋಕಾಗುತ್ತಾ?

ಈ ಸಲ ನಮ್ಮ ಪ್ರಶ್ನೋತ್ತರಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಬೆಂಗಳೂರಿನ ಬಗ್ಗೆಯೇ. ರಜೆ ಹತ್ತಿರ ಬಂತಲ್ಲ, ಅದಕ್ಕೇ ಇರಬೇಕು. ಎಲ್ಲವಕ್ಕೂ ಇಲ್ಲಿ ಜಾಗ ಸಾಲದು. ಒಂದೇ ಥರದ ಪ್ರಶ್ನೆಗಳನ್ನು ಕೂಡಿಸಿ ಒಂದೇ ಉತ್ತರ ಬರೆದಿದ್ದೇನೆ. ಹೋಟೆಲ್ ರೇಟು, ಟಿಕೆಟ್ ರೇಟು ಕೇಳಿದವರು ಬೇಜಾರು ಮಾಡಿಕೊಳ್ಳಬೇಡಿ. ಬರೆದರೂ ಪತ್ರಿಕೆ ನಿಮ್ಮ ಕೈಗೆ ಬರುವಷ್ಟರಲ್ಲಿ ಅದು ಏರಿರುತ್ತದೆ.

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಪಾಠ ಮಾಡಿದ್ದು ಇತಿಹಾಸ. ನಾನೂ ನಮ್ಮ ಮನೆಯವರೂ ಎರಡು ದಿನಕ್ಕೆ ಬೆಂಗಳೂರಿಗೆ ಬರುತ್ತಿದ್ದೇವೆ. ಮೆಜೆಸ್ಟಿಕ್ ಹತ್ತಿರ ಲಾಡ್ಜ್ ಮಾಡಿದ್ದೇವೆ. ಲಾಲ್‌ಬಾಗ್, ವಿಧಾನಸೌಧ, ಅರಮನೆ, ಇಸ್ಕಾನ್, ಮ್ಯೂಸಿಯಂ, ಬನ್ನೇರುಘಟ್ಟ, ಎಂಟಿಆರ್, ಇಷ್ಟು ಪಟ್ಟಿ ಇದೆ. ಆಗುತ್ತದಾ? ನಮ್ಮ ಮನೆಯವರಿಗೆ ಮಂಡಿನೋವು ಬೇರೆ.
ಗಂಗಾವತಿಯ ಓದುಗರು

ಉತ್ತರ: ಆಗುವುದಿಲ್ಲ ಮೇಷ್ಟ್ರೇ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಕೆಲವು ವರ್ಷದ ಹಿಂದೆ ನಮ್ಮ ಭಾವ ಊರಿಂದ ಬಂದಾಗ ನಾನೂ ಹೀಗೇ ಏಳು ಜಾಗದ ಪಟ್ಟಿ ಮಾಡಿ, ಬಾಡಿಗೆ ಕಾರು ಮಾಡಿ, ಬೆಳಿಗ್ಗೆ ಬನ್ನೇರುಘಟ್ಟಕ್ಕೆ ಹೊರಡಿಸಿದೆ. ಹುಲಿ ಸಿಂಹ ನೋಡಿದ್ದಾಯಿತು. ವಾಪಸ್ ಬರುವಾಗ ಡೈರಿ ಸರ್ಕಲ್ ಹತ್ತಿರ ಸಿಕ್ಕಿಹಾಕಿಕೊಂಡೆವು ನೋಡಿ, ಅರಮನೆಯ ಗೇಟು ಮುಟ್ಟುವಷ್ಟರಲ್ಲಿ ಅದು ಮುಚ್ಚಿತ್ತು. ಭಾವ ಊರಿಗೆ ಹೋಗಿ "ಬೆಂಗಳೂರಿನಲ್ಲಿ ಡೈರಿ ಸರ್ಕಲ್ ಚೆನ್ನಾಗಿ ತೋರಿಸಿದರು" ಅಂದರಂತೆ.

ಅದಕ್ಕೇ ಪಟ್ಟಿಯಿಂದ ಮೊದಲು ಬನ್ನೇರುಘಟ್ಟ ತೆಗೆಯಿರಿ. ಅದಕ್ಕೇ ಒಂದು ಪೂರ್ತಿ ದಿನ ಬೇಕು, ಮಂಗಳವಾರ ರಜೆ ಬೇರೆ. ಅರಮನೆಯನ್ನೂ ಬಿಡಬಹುದು. ಅದು ಚೆನ್ನಾಗಿಯೇ ಇದೆ, ಇಂಗ್ಲೆಂಡಿನ ಕೋಟೆಮನೆ ಥರ ಗೋಪುರ ಎಲ್ಲ ಇದೆ. ಆದರೆ ಟಿಕೆಟ್ ದುಬಾರಿ. ಮೈಸೂರು ಅರಮನೆ ನೋಡಿದವರಿಗೆ ಇದು ಸ್ವಲ್ಪ ಸಪ್ಪೆ ಅನ್ನಿಸುತ್ತದೆ.

ಉಳಿದದ್ದಕ್ಕೆ ನಾನು ಹೇಳುವ ದಾರಿ ಇದು. ಬೆಂಗಳೂರು ಮೊದಲು ಒಂದು ಊರಲ್ಲ, ಎರಡು. ಕೆಂಪೇಗೌಡರು 1537ರಲ್ಲಿ ಕಟ್ಟಿದ್ದು ಪೇಟೆ. ಬ್ರಿಟಿಷರು 1809ರಲ್ಲಿ ಪಕ್ಕದಲ್ಲಿ ತಮ್ಮ ಸೈನ್ಯಕ್ಕೆ ಮಾಡಿಕೊಂಡದ್ದು ದಂಡು. ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆಗಿದ್ದು 1949ರಲ್ಲಿ. ನಡುವೆ ಇರುವುದು ಕಬ್ಬನ್ ಪಾರ್ಕ್. ಹಾಗಾಗಿ ಮೊದಲ ದಿನ ಪೇಟೆ ಕಡೆ, ಎರಡನೇ ದಿನ ಪಾರ್ಕಿನ ಕಡೆ. ಎರಡಕ್ಕೂ ಮೆಜೆಸ್ಟಿಕ್‌ನಿಂದ ಮೆಟ್ರೋ ಇದೆ, ಸ್ಟೇಷನ್ನಿನಲ್ಲಿ ಲಿಫ್ಟ್ ಇದೆ, ಮಂಡಿಗೆ ತೊಂದರೆ ಇಲ್ಲ.

ಮೊದಲ ದಿನ ಬೆಳಿಗ್ಗೆ ಬೇಗ ಹಸಿರು ಮಾರ್ಗ ಹತ್ತಿ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿಯಿರಿ, ಎರಡೇ ಸ್ಟಾಪು. ಹೂವಿನ ಮಾರ್ಕೆಟ್ ಮೆಟ್ಟಿಲು ಹತ್ತಿ ಮೇಲಿಂದ ನೋಡಬೇಕು. ಸೇವಂತಿಗೆ, ಕನಕಾಂಬರ ರಾಶಿ ರಾಶಿ. ಅದಕ್ಕೆ ನೀವೊಬ್ಬರೇ ಹೋಗಿಬನ್ನಿ, ಅಮ್ಮನವರು ಕೆಳಗೇ ಇರಲಿ. ಹತ್ತಿರದಲ್ಲೇ ಕೋಟೆ ಇದೆ, ಅಂದರೆ ಕೋಟೆಯಲ್ಲಿ ಉಳಿದಿರುವ ತುಂಡು. ಹೈದರಾಲಿ 1761ರಲ್ಲಿ ಮಣ್ಣಿನ ಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸಿದ. 1791ರಲ್ಲಿ ಬ್ರಿಟಿಷರ ಕಾರ್ನ್‌ವಾಲಿಸ್‌ನ ಸೈನ್ಯ ಅದನ್ನು ಹಿಡಿಯಿತು. ಈಗ ಉಳಿದಿರುವುದು ದೆಹಲಿ ಬಾಗಿಲು ಮತ್ತು ಅದರ ಸುತ್ತಲಿನ ಒಂದಿಷ್ಟು ಗೋಡೆ ಅಷ್ಟೇ. ಮುಂದೆ ಸ್ವಲ್ಪ ನಡೆದರೆ ಕೋಟೆ ವೆಂಕಟರಮಣ ದೇವಸ್ಥಾನ, ಚಿಕ್ಕದೇವರಾಜ ಒಡೆಯರ ಕಾಲದ್ದು. ಅದರ ಪಕ್ಕಕ್ಕೇ ಟಿಪ್ಪುವಿನ ಬೇಸಿಗೆ ಅರಮನೆ, ತೇಗದ ಕಂಬಗಳ ಎರಡು ಅಂತಸ್ತಿನ ಕಟ್ಟಡ. ದೇವಸ್ಥಾನ ಮತ್ತು ಅರಮನೆ ಹೀಗೆ ಗೋಡೆಗೆ ಗೋಡೆ ತಾಗಿಸಿಕೊಂಡಂತೆ ಇರುವುದನ್ನು ನಿಂತು ನೋಡಿ.

ಈ ಅರಮನೆಯ ಬಗ್ಗೆ ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಟಿಪ್ಪು ಸತ್ತ ಮೇಲೆ 1831ರಿಂದ 1868ರವರೆಗೆ ಬ್ರಿಟಿಷರು ಇಲ್ಲೇ ಸರ್ಕಾರಿ ಕಚೇರಿ ಇಟ್ಟುಕೊಂಡಿದ್ದರು. ಜಾಗ ಸಾಲದೆ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡಕ್ಕೆ ಹೋದರು. 18 ಇಲಾಖೆಗಳು ಇದ್ದದ್ದಕ್ಕೆ ಅದು ಅಠಾರಾ ಕಚೇರಿ, ಈಗ ಹೈಕೋರ್ಟ್. ಆಮೇಲೆ ಅದರ ಎದುರಿಗೇ ಕೆಂಗಲ್ ಹನುಮಂತಯ್ಯನವರು ವಿಧಾನಸೌಧ ಕಟ್ಟಿಸಿದರು. 1951ರಲ್ಲಿ ನೆಹರೂ ಶಂಕುಸ್ಥಾಪನೆ ಮಾಡಿದರು, 1956ರಲ್ಲಿ ಮುಗಿಯಿತು. ಅಂದರೆ ಸರ್ಕಾರ ಮನೆ ಬದಲಾಯಿಸಿದ ದಾರಿಯಲ್ಲೇ ನೀವೂ ಹೋದರೆ ಎರಡು ದಿನದ ತಿರುಗಾಟ ಸರಿಹೋಗುತ್ತದೆ. ಇತಿಹಾಸದ ಮೇಷ್ಟ್ರು ಅಂದಿರಲ್ಲ, ಅದಕ್ಕೇ ಇಷ್ಟು ಉದ್ದ ಬರೆದೆ.

ಮೊದಲ ದಿನ ಟಿಪ್ಪು ಅರಮನೆ ಆದಮೇಲೆ ಆಟೋದಲ್ಲಿ ಎಂಟಿಆರ್‌ಗೆ ಹೋಗಿ, ಹೆಸರು ಬರೆಸಿ ಕಾಯಬೇಕಾಗುತ್ತದೆ. ಊಟ ಆದಮೇಲೆ ಲಾಲ್‌ಬಾಗ್ ಅಲ್ಲೇ ಹತ್ತಿರ. ಒಳಗೆ ವಯಸ್ಸಾದವರಿಗೆ ಬ್ಯಾಟರಿ ಗಾಡಿ ಇದೆ.

ಎರಡನೇ ದಿನ ನೇರಳೆ ಮಾರ್ಗದಲ್ಲಿ ವಿಧಾನಸೌಧ ಸ್ಟೇಷನ್. 2025ರಿಂದ ಭಾನುವಾರ, ಎರಡನೇ ಮತ್ತು ನಾಲ್ಕನೇ ಶನಿವಾರ ಒಳಗೆ ಕರೆದುಕೊಂಡು ಹೋಗಿ ತೋರಿಸುವ ವ್ಯವಸ್ಥೆ ಮಾಡಿದ್ದಾರೆ, ಟಿಕೆಟ್ ಆನ್‌ಲೈನ್‌ನಲ್ಲಿ. ಆಮೇಲೆ ಕಸ್ತೂರ್ಬಾ ರಸ್ತೆಯ ಸರ್ಕಾರಿ ಮ್ಯೂಸಿಯಂ. 1865ರಲ್ಲಿ ಶುರುವಾದದ್ದು, ದೇಶದ ಹಳೆಯ ಮ್ಯೂಸಿಯಂಗಳಲ್ಲಿ ಒಂದು. ಅಲ್ಲಿ ಆತಕೂರು ಶಾಸನ ಹುಡುಕಿ. ಕ್ರಿ.ಶ. 949ರದ್ದು. ತಕ್ಕೋಲದಲ್ಲಿ ರಾಷ್ಟ್ರಕೂಟರೂ ಗಂಗರೂ ಸೇರಿ ಚೋಳರ ಮೇಲೆ ಯುದ್ಧ ಗೆದ್ದ ಕಾಲದ ಕಲ್ಲು. ಗಂಗರ ಬೂತುಗನ ಕಡೆಯ ಮಣಲೇರ ಅನ್ನುವ ವೀರ ಚೆನ್ನಾಗಿ ಕಾದಿದನಂತೆ. ಏನು ಬೇಕೋ ಕೇಳು ಅಂದರೆ ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ, ಕಾಳಿ ಅನ್ನುವ ಬೇಟೆನಾಯಿ ಕೇಳಿದ. ಆ ನಾಯಿ ಮುಂದೆ ಒಂದು ದೊಡ್ಡ ಹಂದಿಯ ಜೊತೆ ಕಾದಾಡಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನೆಟ್ಟು, ಅದರ ಪೂಜೆಗೆ ಭೂಮಿ ಬಿಟ್ಟರು. ಕಲ್ಲಿನ ಮೇಲೆ ನಾಯಿ ಹಂದಿ ಎರಡನ್ನೂ ಕೆತ್ತಿದ್ದಾರೆ. ಹಳಗನ್ನಡ ಓದಲು ಬಂದರೆ ಅರ್ಧ ಗಂಟೆ ಅಲ್ಲೇ ಹೋಗುತ್ತದೆ. ಹೊರಡುವ ಮುಂಚೆ ಮ್ಯೂಸಿಯಂ ತೆರೆದಿದೆಯೇ ಅಂತ ಒಮ್ಮೆ ವಿಚಾರಿಸಿ, ಹಳೇ ಕಟ್ಟಡ, ರಿಪೇರಿ ಅಂತ ಮುಚ್ಚುವುದುಂಟು.

ಇಸ್ಕಾನ್? ಸಂಜೆ ಸುಸ್ತಾಗದಿದ್ದರೆ ಹೋಗಿ.

ಪ್ರಶ್ನೆ: ಬೆಂಗಳೂರಿನಲ್ಲಿ ಮಸಾಲೆ ದೋಸೆ ಎಲ್ಲಿ ಚೆನ್ನಾಗಿದೆ? ಒಂದೇ ಹೆಸರು ಹೇಳಿ, ಜಾರಿಕೊಳ್ಳಬೇಡಿ.
ದಾವಣಗೆರೆಯ ಓದುಗರು

ಉತ್ತರ: ದಾವಣಗೆರೆಯವರು ಬೆಂಗಳೂರಿನಲ್ಲಿ ದೋಸೆ ಹುಡುಕುವುದೇ ಒಂದು ತಮಾಷೆ, ಅಲ್ವಾ? ಸರಿ, ಒಂದೇ ಹೆಸರು ಅಂದರೆ ಗಾಂಧಿಬಜಾರಿನ ವಿದ್ಯಾರ್ಥಿ ಭವನ. 1943ರಲ್ಲಿ ಸುತ್ತಮುತ್ತಲಿನ ವಿದ್ಯಾರ್ಥಿಗಳಿಗೆ ಅಂತ ಶುರುವಾದದ್ದಕ್ಕೇ ಆ ಹೆಸರು. ದೋಸೆ ದಪ್ಪ, ಹೊರಗೆ ಗರಿಗರಿ, ಗಾತ್ರದಲ್ಲಿ ಅಷ್ಟೇನೂ ದೊಡ್ಡದಲ್ಲ. ಚಟ್ನಿ ನೀರುನೀರಾಗಿ ದೋಸೆ ಮೇಲೇ ಸುರಿಯುತ್ತಾರೆ. ಬೇಡ ಅನ್ನುವವರು ಮೊದಲೇ ಕೈ ಅಡ್ಡ ಹಿಡಿಯಬೇಕು. ತಂದುಕೊಡುವವರು ಒಂದೇ ಕೈಯಲ್ಲಿ ತಟ್ಟೆ ಮೇಲೆ ತಟ್ಟೆ ಜೋಡಿಸಿಕೊಂಡು ಬರುತ್ತಾರಲ್ಲ, ಅದನ್ನು ನೋಡಲಿಕ್ಕಾದರೂ ಹೋಗಬೇಕು. ಶುಕ್ರವಾರ ರಜೆ, ಮರೆಯಬೇಡಿ.

ಮಲ್ಲೇಶ್ವರದವರು ನನ್ನ ಮೇಲೆ ಜಗಳಕ್ಕೆ ಬರುತ್ತಾರೆ ಅಂತ ಗೊತ್ತು. ಅವರ ಸಿಟಿಆರ್ ಬೆಣ್ಣೆ ಮಸಾಲೆಯೂ ಚೆನ್ನಾಗಿದೆ. ಈಗ ಬೋರ್ಡಿನಲ್ಲಿ ಶ್ರೀ ಸಾಗರ್ ಅಂತ ಇದೆ, ಆದರೆ ಯಾರೂ ಹಾಗೆ ಕರೆಯುವುದಿಲ್ಲ. ಆದರೆ ನಿಮ್ಮೂರಿನ ಬೆಣ್ಣೆ ದೋಸೆ ಅಂದುಕೊಂಡು ಹೋಗಬೇಡಿ. ನಿಮ್ಮಲ್ಲಿ ದೋಸೆ ಬೆಳ್ಳಗೆ, ಪಲ್ಯ ಬೇರೆ, ಚಟ್ನಿ ಬೇರೆ. ಇಲ್ಲಿ ಕೆಂಪಗೆ ಸುಟ್ಟು ಪಲ್ಯ ಒಳಗಿಟ್ಟು ಮಡಚುತ್ತಾರೆ. ಎರಡೂ ಬೇರೆ ಬೇರೆ ತಿಂಡಿ ಅಂತಲೇ ತಿಳಿದುಕೊಂಡರೆ ಮನಸ್ಸಿಗೆ ನೆಮ್ಮದಿ.

ಹಾಗೇ ಎಂಟಿಆರ್‌ಗೆ ಹೋದವರೆಲ್ಲ ದೋಸೆ ಹೇಳುತ್ತಾರೆ. ನನ್ನ ಕೇಳಿದರೆ ಅಲ್ಲಿ ಹೇಳಬೇಕಾದ್ದು ರವೆ ಇಡ್ಲಿ. ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದ್ದು ಅವರೇ ಅನ್ನುತ್ತಾರೆ. ಅಲ್ಲಿ ಸೋಮವಾರ ರಜೆ. ಇನ್ನು ಇಡ್ಲಿ ವಡೆ ಮಾತ್ರ ಸಾಕು ಅನ್ನುವವರಿಗೆ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್. ಸಾಂಬಾರ್ ಕೇಳಬೇಡಿ, ಕೊಡುವುದಿಲ್ಲ. ಚಟ್ನಿ ಎಷ್ಟು ಸಲ ಕೇಳಿದರೂ ಹಾಕುತ್ತಾರೆ. ಕೂರಲು ಜಾಗ ಇಲ್ಲ, ಹೊರಗೆ ನಿಂತು ತಿನ್ನಬೇಕು.

ಪ್ರಶ್ನೆ: ನಮ್ಮಲ್ಲಿ ಅರಮನೆ ಇದೆ, ದಸರಾ ಇದೆ. ಅತ್ತ ಹಂಪಿ ಇದೆ, ಬೇಲೂರು ಇದೆ. ಬೆಂಗಳೂರಿನಲ್ಲಿ ಟ್ರಾಫಿಕ್ ಬಿಟ್ಟರೆ ನೋಡುವಂಥದ್ದು ಏನಿದೆ? ಇದೆಲ್ಲ ನಿನ್ನೆ ಮೊನ್ನೆ ಕಟ್ಟಿದ ಊರು ತಾನೇ?
ಮೈಸೂರಿನ ಓದುಗರು

ಉತ್ತರ: ಟ್ರಾಫಿಕ್ ಬಗ್ಗೆ ನಾನು ವಾದ ಮಾಡುವುದಿಲ್ಲ. ಆದರೆ ನಿನ್ನೆ ಮೊನ್ನೆ ಅಂದಿರಲ್ಲ, ಅದಕ್ಕೆ ಮಾತ್ರ ಉತ್ತರ ಕೊಡಲೇಬೇಕು.

ಬೇಗೂರು ಗೊತ್ತಲ್ಲ, ಹೊಸೂರು ರಸ್ತೆ ಕಡೆ. ಅಲ್ಲಿನ ನಾಗೇಶ್ವರ ದೇವಸ್ಥಾನದಲ್ಲಿ ಗಂಗರ ಕಾಲದ ಒಂದು ಕಲ್ಲು ಇದೆ, ಸುಮಾರು ಕ್ರಿ.ಶ. 890ರದ್ದು. ಅದರಲ್ಲಿ "ಬೆಂಗಳೂರ ಕಾಳಗ" ಅಂತ ಕೊರೆದಿದ್ದಾರೆ. ಆ ಕಾಳಗದಲ್ಲಿ ಸತ್ತವನ ನೆನಪಿನ ಕಲ್ಲು ಅದು. ಅಂದರೆ ಕೆಂಪೇಗೌಡರಿಗಿಂತ ಆರು ನೂರಕ್ಕೂ ಜಾಸ್ತಿ ವರ್ಷ ಮುಂಚೆಯೇ ಈ ಹೆಸರಿನ ಊರು ಇತ್ತು, ಅದಕ್ಕಾಗಿ ಜನ ಹೊಡೆದಾಡುತ್ತಲೂ ಇದ್ದರು. ಬಲ್ಲಾಳರಾಯನಿಗೆ ಅಜ್ಜಿ ಬೆಂದ ಕಾಳು ಕೊಟ್ಟಳು, ಅದಕ್ಕೇ ಬೆಂದಕಾಳೂರು ಅನ್ನುವ ಕಥೆ ಶಾಲೆಯಲ್ಲಿ ಕೇಳಿದ್ದೇವಲ್ಲ. ಕಥೆ ಚೆನ್ನಾಗಿದೆ, ಆದರೆ ಕಲ್ಲು ಬಲ್ಲಾಳನಿಗಿಂತ ಹಳೆಯದು, ಏನು ಮಾಡೋಣ.

ಇನ್ನೂ ಹಳೆಯದು ಬೇಕಾ? ಲಾಲ್‌ಬಾಗ್‌ನ ಬಂಡೆ ಹತ್ತಿ. ಸುಮಾರು 300 ಕೋಟಿ ವರ್ಷದ ಕಲ್ಲು ಅದು, ಭೂವಿಜ್ಞಾನಿಗಳು ರಾಷ್ಟ್ರೀಯ ಸ್ಮಾರಕ ಅಂತ ಬೋರ್ಡ್ ಹಾಕಿದ್ದಾರೆ. ಜನ ಬಂದು ಹೂವಿನ ಪ್ರದರ್ಶನ ನೋಡಿ, ಗಾಜಿನ ಮನೆ ಮುಂದೆ ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಅದೇ ಬಂಡೆ ಮೇಲೆ ಕಡಲೆಕಾಯಿ ಸಿಪ್ಪೆ ಎಸೆದು ಹೋಗುತ್ತಾರೆ, ಇದು ಮಾತ್ರ ನನಗೆ ಸಿಟ್ಟು ಬರಿಸುವ ವಿಷಯ. ತುದಿಯಲ್ಲಿ ಒಂದು ಪುಟ್ಟ ಗೋಪುರ ಇದೆ. ಕೆಂಪೇಗೌಡರ ಹೆಸರಿನ ನಾಲ್ಕು ಗೋಪುರಗಳಲ್ಲಿ ಒಂದು. ಉಳಿದವು ಹಲಸೂರು ಕೆರೆ, ಕೆಂಪಾಂಬುಧಿ ಕೆರೆ ಮತ್ತು ಮೇಖ್ರಿ ಸರ್ಕಲ್ ಹತ್ತಿರ. ಊರು ಇಲ್ಲಿಯವರೆಗೆ ಬೆಳೆಯಲಿ ಅಂತ ಗುರುತು ಮಾಡಿದ್ದು ಅನ್ನುವ ಮಾತಿದೆ. ಸಂಜೆ ಐದೂವರೆಗೆ ಆ ಬಂಡೆ ಮೇಲೆ ಕೂತು ನಾಲ್ಕೂ ದಿಕ್ಕು ನೋಡಿ. ಆ ಗುರುತನ್ನು ಊರು ಎಷ್ಟು ಲೆಕ್ಕಕ್ಕೆ ಇಟ್ಟಿದೆ ಅಂತ ಗೊತ್ತಾಗುತ್ತದೆ.

ಮತ್ತೆ ಅರಮನೆ ವಿಷಯ. ಬೆಂಗಳೂರು ಅರಮನೆಯನ್ನೂ ಕೊಂಡವರು ನಿಮ್ಮ ಒಡೆಯರೇ ಸ್ವಾಮಿ.

ಪ್ರಶ್ನೆ: ನಾವು ಇಲ್ಲೇ ವಿಜಯನಗರದವರು. ಮಗನಿಗೆ ಒಂಬತ್ತು ವರ್ಷ. ಮ್ಯೂಸಿಯಂ ಅಂದರೆ ಹತ್ತೇ ನಿಮಿಷಕ್ಕೆ "ಅಮ್ಮಾ ಹೋಗೋಣ" ಶುರು. ಮೊಬೈಲ್ ಬಿಟ್ಟು ಬೇರೆ ಏನಾದರೂ ನೋಡಲಿ ಅಂತ ನಮ್ಮ ಆಸೆ.
ವಿಜಯನಗರದ ಓದುಗರು

ಉತ್ತರ: ಅವನದೇನೂ ತಪ್ಪಿಲ್ಲಮ್ಮ. ಗಾಜಿನ ಪೆಟ್ಟಿಗೆ, "ಮುಟ್ಟಬೇಡಿ" ಅನ್ನುವ ಬೋರ್ಡು, ದೊಡ್ಡವರಿಗೇ ಬೇಜಾರಾಗುತ್ತದೆ. ಮುಟ್ಟಲು ಬಿಡುವ ಜಾಗಕ್ಕೆ ಕರೆದುಕೊಂಡು ಹೋಗಿ. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಅಂಥದ್ದು. 1962ರಲ್ಲಿ ನೆಹರೂ ಉದ್ಘಾಟಿಸಿದ್ದು. ಗುಂಡಿ ಒತ್ತಬಹುದು, ಹಿಡಿಕೆ ತಿರುಗಿಸಬಹುದು, ಬಾಲು ಉರುಳಿಸಬಹುದು. ರೈಟ್ ಸಹೋದರರು 1903ರಲ್ಲಿ ಹಾರಿಸಿದ ವಿಮಾನದ ಅಷ್ಟೇ ದೊಡ್ಡ ಮಾದರಿ ಇದೆ. ಬಟ್ಟೆ, ಮರದ ಕಡ್ಡಿ, ತಂತಿ, ಇಷ್ಟರಲ್ಲೇ ಹಾರಿದರಾ ಅಂತ ಅವನೇ ಕೇಳುತ್ತಾನೆ ನೋಡಿ. ಆದರೆ ಒಂದು ಮಾತು, ಎಲ್ಲ ಮಹಡಿ ಒಂದೇ ದಿನ ಮುಗಿಸಲು ಹೋಗಬೇಡಿ. ಎರಡು ಗ್ಯಾಲರಿ, ಆಮೇಲೆ ಹೊರಗೆ ಬಂದು ಚುರುಮುರಿ, ಆಮೇಲೆ ಹಿಂದಿನ ಕಬ್ಬನ್ ಪಾರ್ಕಿನಲ್ಲಿ ಓಡಾಟ. ಬಾಲಭವನದ ಪುಟಾಣಿ ರೈಲು ಓಡುತ್ತಿದ್ದರೆ ಅದೂ ಆಯಿತು.

ಇನ್ನೊಂದು ಭಾನುವಾರ ನೆಹರೂ ತಾರಾಲಯ, ಕನ್ನಡದಲ್ಲೂ ಪ್ರದರ್ಶನ ಇರುತ್ತದೆ, ಸಮಯ ನೋಡಿಕೊಂಡು ಹೋಗಿ. ವಿಮಾನದ ಹುಚ್ಚು ಹತ್ತಿದರೆ ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಂ ಇದೆ. ಅಲ್ಲಿ ನಿಜವಾದ ವಿಮಾನಗಳನ್ನೇ ಹೊರಗೆ ನಿಲ್ಲಿಸಿದ್ದಾರೆ. ನಮ್ಮಲ್ಲೇ ತಯಾರಾದ ಮಾರುತ್ ಯುದ್ಧವಿಮಾನವನ್ನೂ ನೋಡಬಹುದು. ಬಿಸಿಲಿಗೆ ಟೋಪಿ ಇರಲಿ.

ಪ್ರಶ್ನೆ: ಬರೀ ದೋಸೆ ಇಡ್ಲಿ ಬಗ್ಗೆಯೇ ಬರೆಯುತ್ತೀರಿ. ನಾವು ಮೀನು ಮಾಂಸ ತಿನ್ನುವವರು. ನಮಗೆ ಬೆಂಗಳೂರಿನಲ್ಲಿ ಊಟ ಇಲ್ವಾ?
ಮಂಗಳೂರಿನ ಓದುಗರು

ಉತ್ತರ: ಮೀನಿಗೆ ನೀವು ಊರಲ್ಲೇ ಇರಿ, ಇಲ್ಲಿ ನಿಮಗೆ ಒಗ್ಗುವುದಿಲ್ಲ. ಮಾಂಸಕ್ಕೆ ಬನ್ನಿ. ಬೆಂಗಳೂರಿನದೇ ಅನ್ನಬಹುದಾದದ್ದು ಮಿಲಿಟರಿ ಹೋಟೆಲ್. ಮರಾಠ ಮೂಲದ ಕುಟುಂಬಗಳು ನಡೆಸಿದ್ದು ಜಾಸ್ತಿ. ಹೊಳಪಿನ ಬೋರ್ಡು, ಎಸಿ ಇವೆಲ್ಲ ಕಾಣುವುದು ಕಡಿಮೆ. ದೊನ್ನೆ ಬಿರಿಯಾನಿ, ಮುದ್ದೆ, ಕೈಮ ಉಂಡೆ, ಕಾಲು ಸೂಪು. ದೊನ್ನೆ ಬಿರಿಯಾನಿ ಹೈದರಾಬಾದಿನ ಥರ ಅಲ್ಲ, ಸಣ್ಣ ಜೀರಿಗೆ ಸಾಂಬಾ ಅಕ್ಕಿ, ಕೊತ್ತಂಬರಿ ಪುದೀನ ಅರೆದು ಹಾಕಿ ಹಸಿರು ಹಸಿರಾಗಿರುತ್ತದೆ. ಜಯನಗರದ ಶಿವಾಜಿ ಮಿಲಿಟರಿ ಹೋಟೆಲಿಗೆ ಹನ್ನೆರಡಕ್ಕೆಲ್ಲ ಹೋಗಿಬಿಡಿ. ಎರಡು ಗಂಟೆಗೆ ಹೋಗಿ "ಖಾಲಿ" ಅನ್ನಿಸಿಕೊಂಡು ಬಂದರೆ ನನ್ನನ್ನು ಬೈಯಬೇಡಿ. ರಂಜಾನ್ ತಿಂಗಳಲ್ಲಿ ಬಂದರೆ ಸಂಜೆ ಶಿವಾಜಿನಗರ, ಫ್ರೇಜರ್ ಟೌನ್ ಕಡೆ ಹೋಗಿ. ಹೊಟ್ಟೆ ಖಾಲಿ ಇಟ್ಟುಕೊಂಡೇ ಹೋಗಿ.

ಪ್ರಶ್ನೆ: ಹೇಳೋಕೆ ನಾಚಿಕೆ ಆಗುತ್ತೆ. ಶಿವಮೊಗ್ಗದಿಂದ ಬಂದು ಆರು ವರ್ಷ ಆಯಿತು, ವೈಟ್‌ಫೀಲ್ಡ್‌ನಲ್ಲಿ ಕೆಲಸ, ಅಲ್ಲೇ ರೂಮು. ಆಫೀಸು, ಮಾಲು, ರೂಮು ಬಿಟ್ಟು ಬೆಂಗಳೂರಿನಲ್ಲಿ ಏನೂ ನೋಡಿಲ್ಲ. ಊರಿಂದ ಅಮ್ಮ ಫೋನ್ ಮಾಡಿ "ಕರಗ ನೋಡಿದ್ಯಾ?" ಅಂತ ಕೇಳಿದರೆ ಸುಳ್ಳು ಹೇಳುತ್ತೇನೆ.
ವೈಟ್‌ಫೀಲ್ಡ್‌ನ ಓದುಗರು

ಉತ್ತರ: ನಾಚಿಕೆ ಯಾಕೆ ತಮ್ಮಾ, ನೀವೊಬ್ಬರೇ ಅಲ್ಲ. ಇಂಥವೇ ಇನ್ನೂ ಮೂರು ಪತ್ರ ನನ್ನ ಮೇಜಿನ ಮೇಲಿವೆ. ಇಲ್ಲೇ ಹುಟ್ಟಿ ಬೆಳೆದು ಟಿಪ್ಪು ಅರಮನೆ ನೋಡದವರೂ ಇದ್ದಾರೆ. ನೆಂಟರು ಬಂದರೆ ಮಾತ್ರ ನಾವು ನಮ್ಮ ಊರು ನೋಡುವುದು. ನಿಮ್ಮ ರೂಮಿಗೆ ನೆಂಟರು ಬರಲಿಲ್ಲ, ಅಷ್ಟೇ.

ಮೊದಲೆಲ್ಲ ವೈಟ್‌ಫೀಲ್ಡ್‌ನಿಂದ ಊರೊಳಗೆ ಬರುವುದು ಅಂದರೆ ಬೇರೆ ಜಿಲ್ಲೆಗೆ ಹೋದಂತೆ ಇತ್ತು. ಈಗ ನೇರಳೆ ಮೆಟ್ರೋ ಇದೆ, ಕೂತರೆ ಸೀದಾ ಹಲಸೂರು, ಎಂ.ಜಿ. ರಸ್ತೆ, ಕಬ್ಬನ್ ಪಾರ್ಕ್. ಒಂದು ಶನಿವಾರ ಹಲಸೂರಿನಲ್ಲಿ ಇಳಿಯಿರಿ. ಸೋಮೇಶ್ವರ ದೇವಸ್ಥಾನ ಅಲ್ಲೇ ಇದೆ, ಸುತ್ತಲಿನ ಗಲಾಟೆ ನೋಡಿದರೆ ಒಳಗೆ ಅಂಥ ಕಂಬಗಳ ಮಂಟಪ ಇದೆ ಅಂತ ಅನ್ನಿಸುವುದೇ ಇಲ್ಲ. ಇನ್ನೊಂದು ಶನಿವಾರ ಕಸ್ತೂರ್ಬಾ ರಸ್ತೆ. ಅಲ್ಲಿ 2023ರಲ್ಲಿ ತೆರೆದ ಮ್ಯಾಪ್ ಅನ್ನುವ ಕಲೆ ಮತ್ತು ಫೋಟೋಗಳ ಮ್ಯೂಸಿಯಂ ಇದೆ, ಹೊಸ ಕಟ್ಟಡ. ಅಲ್ಲಿಂದ ಚರ್ಚ್ ಸ್ಟ್ರೀಟ್‌ಗೆ ನಡೆದೇ ಹೋಗಬಹುದು. ಬ್ಲಾಸಮ್, ಬುಕ್‌ವರ್ಮ್ ಅಂತ ಹಳೇ ಪುಸ್ತಕ ಹೊಸ ಪುಸ್ತಕ ಎಲ್ಲ ಸಿಗುವ ಅಂಗಡಿಗಳಿವೆ. ಕಾಲು ನೋವು ಬಂದಾಗ ಇಂಡಿಯಾ ಕಾಫಿ ಹೌಸ್. ಮೊದಲು ಎಂ.ಜಿ. ರಸ್ತೆಯಲ್ಲೇ ಇತ್ತು, ಆಮೇಲೆ ಇಲ್ಲಿಗೆ ಬಂತು. ಬಿಳಿ ಬಟ್ಟೆ, ತಲೆಗೆ ಪೇಟ ಇಟ್ಟವರು ಕಾಫಿ ತಂದುಕೊಡುತ್ತಾರೆ. ಕಾಫಿ ಅಂಥಾ ಅದ್ಭುತವೇನಲ್ಲ ಅಂತ ನನ್ನ ಅಭಿಪ್ರಾಯ. ಆದರೆ ಒಂದು ಕಾಫಿ ಹೇಳಿ ಗಂಟೆಗಟ್ಟಲೆ ಕೂತರೂ ಏಳಿ ಅನ್ನುವವರು ಕಡಿಮೆ.

ನಾಟಕ ಇಷ್ಟವಾ? ಶಿವಮೊಗ್ಗದವರು, ಇಷ್ಟ ಅಂತಲೇ ಅಂದುಕೊಳ್ಳುತ್ತೇನೆ. ಜೆ.ಪಿ. ನಗರದ ರಂಗಶಂಕರಕ್ಕೆ ಹೋಗಿ. 2004ರಿಂದ ಸೋಮವಾರ ಬಿಟ್ಟು ಹೆಚ್ಚುಕಡಿಮೆ ದಿನವೂ ನಾಟಕ. ಒಂದು ನಿಮಿಷ ತಡ ಆದರೂ ಒಳಗೆ ಬಿಡುವುದಿಲ್ಲ, ನಾನೇ ಒಮ್ಮೆ ಬಾಗಿಲಿನಿಂದ ವಾಪಸ್ ಬಂದಿದ್ದೇನೆ, ಟ್ರಾಫಿಕ್ ಅಂತ ಅತ್ತರೂ ಕೇಳಲಿಲ್ಲ. ಅವತ್ತು ಸಿಟ್ಟು ಬಂದಿತ್ತು. ಆಮೇಲೆ ಒಳಗೆ ಕೂತು ನಾಟಕ ನೋಡುವಾಗ ಅದೇ ಸರಿ ಅನ್ನಿಸಿತು. ಬೇಗ ಹೋದರೆ ಅಲ್ಲಿನ ಕ್ಯಾಂಟೀನಿನಲ್ಲಿ ಅಕ್ಕಿರೊಟ್ಟಿ ತಿನ್ನಬಹುದು.

ಇನ್ನು ಕರಗ. ಚೈತ್ರದ ಹುಣ್ಣಿಮೆ ರಾತ್ರಿ, ತಿಗಳರಪೇಟೆಯ ಧರ್ಮರಾಯ ದೇವಸ್ಥಾನದಿಂದ. ಹೂವಿನ ಕರಗ ಹೊತ್ತವರು ಮುಂದೆ, ಕತ್ತಿ ಹಿಡಿದ ವೀರಕುಮಾರರು ಸುತ್ತ, ಪೇಟೆಯ ಬೀದಿ ಬೀದಿ ತಿರುಗಿ ಬೆಳಗಾಗುವವರೆಗೂ ನಡೆಯುತ್ತದೆ. ದಾರಿಯಲ್ಲಿ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿಬರುತ್ತದೆ, ಅದು ಎಷ್ಟೋ ಕಾಲದಿಂದ ನಡೆದುಬಂದ ಪದ್ಧತಿ. ಕರಗ ಹೊರಗೆ ಬರುವುದು ಮಧ್ಯರಾತ್ರಿ ದಾಟಿದ ಮೇಲೆ. ಹತ್ತು ಗಂಟೆಗೇ ಹೋಗಿ ನಿಂತು ಕಾಲು ನೋಯಿಸಿಕೊಳ್ಳಬೇಡಿ, ಮೊಬೈಲ್ ಜೋಪಾನ, ಚಪ್ಪಲಿ ಹಳೆಯದು ಇರಲಿ. ಸಾಧ್ಯವಾದರೆ ಆ ವಾರ ಅಮ್ಮನನ್ನೇ ಕರೆಸಿಕೊಳ್ಳಿ.

ಪ್ರಶ್ನೆ: ನಮ್ಮ ಯಜಮಾನರು ತೀರಿಕೊಂಡು ಎರಡು ವರ್ಷ. ಅವರ ಎಚ್‌ಎಂಟಿ ವಾಚು ನನ್ನ ಹತ್ತಿರ ಇದೆ, ಈಗಲೂ ಕೀ ಕೊಟ್ಟರೆ ಓಡುತ್ತದೆ. ಬೆಂಗಳೂರಿನಲ್ಲಿ ಆ ವಾಚಿನ ಮ್ಯೂಸಿಯಂ ಇದೆಯಂತೆ, ನಿಜವೇ?
ತುಮಕೂರಿನ ಓದುಗರು

ಉತ್ತರ: ನಿಜ ಅಮ್ಮಾ. ಜಾಲಹಳ್ಳಿಯಲ್ಲಿ ಎಚ್‌ಎಂಟಿಯ ಜಾಗದಲ್ಲೇ, ಹಳೆಯ ಬಂಗಲೆಯೊಂದರಲ್ಲಿ 2019ರಲ್ಲಿ ಮಾಡಿದ್ದಾರೆ. ತುಮಕೂರಿನಿಂದ ಬರುವವರಿಗೆ ದಾರಿಯಲ್ಲೇ ಸಿಗುತ್ತದೆ, ಊರೊಳಗೆ ಹೋಗುವ ಕಷ್ಟವೂ ಇಲ್ಲ. ಈ ಊರಿನಲ್ಲಿ ನನಗೆ ತುಂಬಾ ಇಷ್ಟವಾದ ಮ್ಯೂಸಿಯಂ ಯಾವುದು ಅಂದರೆ ನಾನು ಇದನ್ನೇ ಹೇಳುತ್ತೇನೆ. ರಾಜರ ಕತ್ತಿ, ರಾಣಿಯ ಪಲ್ಲಕ್ಕಿ ನೋಡಿ "ಓಹೋ" ಅಂದು ಮುಂದೆ ಹೋಗುತ್ತೇವೆ. ಇಲ್ಲಿ ಮಾತ್ರ ನಿಂತುಬಿಡುತ್ತೇವೆ. ಯಾಕೆಂದರೆ ಇದು ನಮ್ಮ ಅಪ್ಪನ ಕೈಯಲ್ಲಿದ್ದ ವಸ್ತು.

ಎಚ್‌ಎಂಟಿ ಯಂತ್ರ ತಯಾರಿಸುವ ಕಂಪನಿಯಾಗಿ 1953ರಲ್ಲಿ ಶುರುವಾಯಿತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ವಾಚು ತಯಾರಿಸತೊಡಗಿತು. ಜನತಾ, ಪೈಲಟ್, ಕೊಹಿನೂರ್, ಕಾಂಚನ್, ಒಂದೊಂದು ಹೆಸರೂ ನಿಮಗೆ ಗೊತ್ತಿರುತ್ತದೆ. ಮದುವೆಯಲ್ಲಿ ಅಳಿಯನಿಗೆ, ಎಸ್‌ಎಸ್‌ಎಲ್‌ಸಿ ಪಾಸಾದರೆ ಮಗನಿಗೆ, ರಿಟೈರ್ ಆದರೆ ಆಫೀಸಿನವರಿಂದ, ಎಲ್ಲಕ್ಕೂ ಇದೇ ವಾಚು ಕೊಡುತ್ತಿದ್ದ ಕಾಲ. ವಾಚು ಕಂಪನಿ ಮುಚ್ಚಲು 2016ರಲ್ಲಿ ಸರ್ಕಾರ ತೀರ್ಮಾನ ಮಾಡಿತು. ಮ್ಯೂಸಿಯಂನಲ್ಲಿ ಹಳೇ ಮಾದರಿಗಳನ್ನೆಲ್ಲ ಸಾಲಾಗಿ ಇಟ್ಟಿದ್ದಾರೆ. ನಿಮ್ಮ ಯಜಮಾನರ ವಾಚನ್ನು ಕೈಗೆ ಕಟ್ಟಿಕೊಂಡೇ ಹೋಗಿ, ಅದರ ಜೋಡಿ ಅಲ್ಲಿ ಸಿಗಬಹುದು.

ಪ್ರಶ್ನೆ: ಮೇಡಂ, ಪರೀಕ್ಷೆ ಬರೆಯಲು ಬೆಂಗಳೂರಿಗೆ ಬರ್ತಿದ್ದೀನಿ. ಪರೀಕ್ಷೆ ಆದಮೇಲೆ ಒಂದು ದಿನ ಕೈಲಿದೆ, ಜೇಬಿನಲ್ಲಿ 500 ರೂಪಾಯಿ. ಏನಾದ್ರೂ ನೋಡೋಕಾಗುತ್ತಾ?
ಕಲಬುರಗಿಯ ವಿದ್ಯಾರ್ಥಿನಿ

ಉತ್ತರ: 500 ಬೇಕಾದಷ್ಟಾಯಿತು ಪುಟ್ಟಿ, ಮಿಕ್ಕರೂ ಮಿಗಬಹುದು. ಆಧಾರ್ ಕಾರ್ಡ್ ಇಟ್ಟುಕೋ. ಶಕ್ತಿ ಯೋಜನೆಯಲ್ಲಿ ಬಿಎಂಟಿಸಿ ಸಾಮಾನ್ಯ ಬಸ್ಸು ನಿನಗೆ ಉಚಿತ, ಎಸಿ ಬಸ್ಸಿಗೆ ಮಾತ್ರ ದುಡ್ಡು.

ಬೆಳಿಗ್ಗೆ ಯಾವುದಾದರೂ ದರ್ಶಿನಿಯಲ್ಲಿ ಖಾರಾಬಾತ್ ಕೇಸರಿಬಾತ್ ಜೊತೆಯಾಗಿ ತಿನ್ನು. ಚೌಚೌ ಬಾತ್ ಅಂದರೆ ಎರಡೂ ಒಂದೇ ತಟ್ಟೆಗೆ ಬರುತ್ತದೆ. ಟೋಕನ್ ತಗೋ, ನಿಂತು ತಿನ್ನು, ಹೊರಡು. ಈ ಪದ್ಧತಿ 1983ರಲ್ಲಿ ಜಯನಗರದ ಕೆಫೆ ದರ್ಶಿನಿಯಿಂದ ಊರೆಲ್ಲ ಹಬ್ಬಿದ್ದು. ಆಮೇಲೆ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತು. ಒಳಗಿನ ಗ್ಯಾಲರಿಗಳಲ್ಲಿ ಏನಾದರೊಂದು ಪ್ರದರ್ಶನ ನಡೆಯುತ್ತಲೇ ಇರುತ್ತದೆ, ರಷ್ಯಾದ ಕಲಾವಿದ ರೋರಿಕ್ ಬರೆದ ಹಿಮಾಲಯದ ಚಿತ್ರಗಳಿವೆ, ಅದನ್ನು ಬಿಡಬೇಡ. ಅಲ್ಲಿಂದ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್ ದೂರವಿಲ್ಲ, ಈಗ ಅದು ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ. ಮರಗಳ ನೆರಳು, ಟಿಕೆಟ್ ಕಡಿಮೆ, ಜನವೂ ಕಡಿಮೆ. ಸಂಜೆ ಅವೆನ್ಯೂ ರಸ್ತೆಗೆ ಹೋಗು. ಅದೇ ಹಳೇ ದೊಡ್ಡಪೇಟೆ. ಇದೂ ಚಿಕ್ಕಪೇಟೆಯೂ ಕೂಡುವ ಕಡೆಯಿಂದಲೇ ಕೆಂಪೇಗೌಡರು ನಾಲ್ಕು ದಿಕ್ಕಿಗೂ ನೇಗಿಲು ಹೂಡಿಸಿ ಊರಿನ ಬೀದಿ ಗುರುತಿಸಿದರು ಅನ್ನುತ್ತಾರೆ. ಹಳೇ ಪುಸ್ತಕದವರ ಹತ್ತಿರ ಚೌಕಾಸಿ ಮಾಡು. ಮೊದಲು ಹೇಳಿದ ರೇಟಿಗೆ ಒಪ್ಪಿದರೆ ಅವರಿಗೇ ಬೇಜಾರು.

ಸೋಮವಾರ ಮಾತ್ರ ಬರಬೇಡ. ಇಲ್ಲಿ ಹೆಸರು ಹೇಳಿದ ಎಷ್ಟೋ ಜಾಗಗಳಿಗೆ ಅವತ್ತೇ ರಜೆ. ಈ ಮಾತು ನಿನಗಷ್ಟೇ ಅಲ್ಲ, ಎಲ್ಲರಿಗೂ.

ಪ್ರಶ್ನೆ: ವರ್ಷದಲ್ಲಿ ಯಾವಾಗ ಬಂದರೆ ಚಂದ?
ಶಿರಸಿಯ ಓದುಗರು

ಉತ್ತರ: ಕಾರ್ತಿಕದ ಕೊನೇ ಸೋಮವಾರ. ಇಷ್ಟು ಹೊತ್ತು ಸೋಮವಾರ ಬೇಡ ಅಂದೆ, ಇದೊಂದು ಸೋಮವಾರ ಬಿಟ್ಟು. ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ದೊಡ್ಡ ಬಸವಣ್ಣನ ದೇವಸ್ಥಾನದ ರಸ್ತೆ ಉದ್ದಕ್ಕೂ ಹಸಿ ಕಡಲೆಕಾಯಿ, ಹುರಿದ ಕಡಲೆಕಾಯಿ, ಬೇಯಿಸಿದ ಕಡಲೆಕಾಯಿ. ಮೊದಲ ಬೆಳೆ ಬಸವಣ್ಣನಿಗೆ ಕೊಟ್ಟು ಹರಕೆ ತೀರಿಸಲು ರೈತರು ಬರುತ್ತಿದ್ದ ಜಾತ್ರೆ. ತಪ್ಪಿದರೆ ಜನವರಿಗೆ ಬನ್ನಿ. ಮೊದಲ ಭಾನುವಾರದ ಹೊತ್ತಿಗೆ ಚಿತ್ರಸಂತೆ, ವಿ.ವಿ. ಪುರದ ಕಡೆ ಅವರೆಕಾಯಿ ಕಾಲ, ಸಂಕ್ರಾಂತಿ ಸಂಜೆ ಗವಿ ಗಂಗಾಧರೇಶ್ವರನ ಲಿಂಗದ ಮೇಲೆ ನಂದಿಯ ಕೊಂಬಿನ ನಡುವಿನಿಂದ ಸೂರ್ಯನ ಬೆಳಕು, ತಿಂಗಳ ಕೊನೆಗೆ ಲಾಲ್‌ಬಾಗ್ ಹೂವು. ಚಳಿಗೆ ಸ್ವೆಟರ್ ತನ್ನಿ.

ಪ್ರಶ್ನೆ: ಹೋಟೆಲಿನಲ್ಲಿ ಪಕ್ಕದವರು "ಬೈ ಟು" ಅಂದರು. ನಾನೂ ಅಂದೆ. ಅರ್ಧ ಕಾಫಿ ಬಂತು. ಮೋಸವಾ?
ಬಾಗಲಕೋಟೆಯ ಓದುಗರು

ಉತ್ತರ: ಮೋಸ ಅಲ್ಲ ಸಾರ್, ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚುವುದು ಅಂತ ಅರ್ಥ. ಇನ್ನೊಂದು ಅರ್ಧ ಪಕ್ಕದ ಮೇಜಿಗೆ ಹೋಗಿರಬೇಕು. ಮುಂದಿನ ಸಲ ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ, ಇಲ್ಲವಾದರೆ "ಒಂದು ಸ್ಟ್ರಾಂಗ್ ಕಾಫಿ" ಅನ್ನಿ.